ಪಾಠಕ್ಕೆ ಗಡಿಯಿಲ್ಲ, ಕ್ರೆಡಿಟ್‌ಗೆ ಮಾತ್ರ ಗಡಿ: ಸೈದ್ಧಾಂತಿಕ ಭೌತಶಾಸ್ತ್ರದ ಸಂಶೋಧನಾ ಶಿಕ್ಷಣ ಒಂದಾಗುವುದೆಂದು?

ಬೆಂಗಳೂರು: ಮೇಖ್ರಿ ವೃತ್ತದ ಆಸುಪಾಸಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳಿವೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಕೋರಮಂಗಲದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಿದೆ. ಹೆಸರಘಟ್ಟ ಹೋಬಳಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ, ಐಸಿಟಿಎಸ್ ಎಂದೇ ಪರಿಚಿತವಾಗಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವಿದೆ. ಒಂದೇ ನಗರದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಇಷ್ಟು ದಟ್ಟ ವಿದ್ವತ್ ಸಮೂಹ ದೇಶದಲ್ಲಿ ವಿರಳ.

ಆದರೆ ಈ ವಿದ್ವತ್ತಿನ ಫಲ ರಾಜ್ಯದ ಉಳಿದ ಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಎಷ್ಟರಮಟ್ಟಿಗೆ ದಕ್ಕುತ್ತಿದೆ? ಧಾರವಾಡದಲ್ಲೋ ಕಲಬುರಗಿಯಲ್ಲೋ ಶಂಕರಘಟ್ಟದಲ್ಲೋ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ವಿದ್ಯಾರ್ಥಿ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ನಡೆಯುವ ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪಾಠವನ್ನು ಅಂತರ್ಜಾಲದಲ್ಲಿ ಕೇಳಬಹುದು. ಆದರೆ ಆ ಪಾಠ ಆತನ ಅಂಕಪಟ್ಟಿಯಲ್ಲಿ ಸೇರಬೇಕಾದರೆ ದಾಟಬೇಕಾದ ಮೇಜುಗಳು ಹಲವು. ಹಲವು ವಿಶ್ವವಿದ್ಯಾಲಯಗಳು ಒಂದಾಗಿ ಸಂಶೋಧನಾ ಶಿಕ್ಷಣ ನೀಡುವ ಪ್ರಶ್ನೆ ಈಗ ತೊಡಕಾಗಿರುವುದು ಇಲ್ಲಿಯೇ. ದೂರವಾಗಲಿ ತಂತ್ರಜ್ಞಾನವಾಗಲಿ ಇಂದು ಅಡ್ಡಿಯಾಗಿ ಉಳಿದಿಲ್ಲ. ಅಡ್ಡಿಯಾಗಿರುವುದು ಮಾನ್ಯತೆ.

ಈ ವಿಷಯಕ್ಕೇ ಏಕೆ ಸಮನ್ವಯ?

ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಕರಿಹಲಗೆ, ಕಾಗದ, ಗಣಕಯಂತ್ರ ಮತ್ತು ಗ್ರಂಥಾಲಯವಿದ್ದರೆ ಸಾಕು ಎಂಬ ಮಾತು ಹಿಂದಿನಿಂದಲೂ ಇದೆ. ಹೀಗಾಗಿ ಹಣವಿಲ್ಲದ ವಿಭಾಗಗಳಿಗೆ ಇದು ಹೇಳಿಮಾಡಿಸಿದ ವಿಷಯವೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವ ಬೇರೆ. ಈ ವಿಷಯಕ್ಕೆ ಅಗತ್ಯವಾದ ಬಂಡವಾಳ ಉಪಕರಣವಲ್ಲ, ಬೋಧಕರು.

ಎಂ.ಎಸ್ಸಿ. ಪಠ್ಯಕ್ರಮ ಸಾಮಾನ್ಯವಾಗಿ ಕ್ವಾಂಟಂ ಬಲವಿಜ್ಞಾನ, ವಿದ್ಯುತ್ಕಾಂತತೆ, ಸಾಂಖ್ಯಿಕ ಭೌತಶಾಸ್ತ್ರಗಳ ತಳಹದಿಯವರೆಗೆ ವಿದ್ಯಾರ್ಥಿಯನ್ನು ಕರೆದೊಯ್ಯುತ್ತದೆ. ಸಂಶೋಧನೆಗೆ ಬೇಕಾದ ಸಾಮಗ್ರಿ ಆರಂಭವಾಗುವುದೇ ಅದರ ನಂತರ. ಕ್ವಾಂಟಂ ಕ್ಷೇತ್ರ ಸಿದ್ಧಾಂತವನ್ನು ಸರಿಯಾಗಿ ಕಲಿಸಲು ಎರಡು ಸೆಮಿಸ್ಟರ್ ಬೇಕು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ಒಂದು ಪೂರ್ಣ ಸೆಮಿಸ್ಟರ್ ಬೇಕು. ಅವಸ್ಥಾ ಬದಲಾವಣೆಗಳ ಸಿದ್ಧಾಂತ, ಸಮ್ಮಿತಿಗಳ ಗಣಿತ, ಸಂಖ್ಯಾತ್ಮಕ ವಿಧಾನಗಳು ಇವೆಲ್ಲ ಪ್ರತ್ಯೇಕ. ಇವನ್ನು ಕಲಿಯದೆ ನೇರವಾಗಿ ಪ್ರಬಂಧಕ್ಕೆ ಇಳಿದ ವಿದ್ಯಾರ್ಥಿ ತನ್ನ ಮಾರ್ಗದರ್ಶಕರ ಸಮಸ್ಯೆಗೆ ಬೇಕಾದ ಒಂದೆರಡು ತಂತ್ರಗಳನ್ನಷ್ಟೇ ಕಲಿಯುತ್ತಾನೆ. ಪದವಿ ದೊರೆಯುತ್ತದೆ, ಆದರೆ ಬೇರೆ ಸಮಸ್ಯೆಯನ್ನು ಕೈಗೆತ್ತಿಕೊಳ್ಳುವ ಸಾಮರ್ಥ್ಯ ಬೆಳೆಯುವುದಿಲ್ಲ.

ಇನ್ನು ಬೋಧಕರ ಲೆಕ್ಕ. ರಾಜ್ಯ ವಿಶ್ವವಿದ್ಯಾಲಯವೊಂದರ ಭೌತಶಾಸ್ತ್ರ ವಿಭಾಗದಲ್ಲಿ ಸೈದ್ಧಾಂತಿಕ ಕ್ಷೇತ್ರದ ಇಬ್ಬರು ಅಧ್ಯಾಪಕರಿದ್ದಾರೆ ಎಂದು ಭಾವಿಸೋಣ. ಒಬ್ಬರು ವಿಶ್ವವಿಜ್ಞಾನದವರು, ಇನ್ನೊಬ್ಬರು ಘನಸ್ಥಿತಿ ಭೌತಶಾಸ್ತ್ರದವರು. ವರ್ಷಕ್ಕೆ ಅವರ ಬಳಿಗೆ ಬರುವ ಹೊಸ ಸಂಶೋಧನಾ ವಿದ್ಯಾರ್ಥಿಗಳು ಒಬ್ಬರೋ ಇಬ್ಬರೋ. 15 ಗಂಟೆಗಳ ಬೋಧನೆಗೆ 1 ಕ್ರೆಡಿಟ್ ಎಂಬ ಲೆಕ್ಕದಲ್ಲಿ 4 ಕ್ರೆಡಿಟ್‌ನ ಒಂದು ಕೋರ್ಸ್ ಎಂದರೆ 60 ಗಂಟೆಗಳ ಪಾಠ. ಒಬ್ಬನೇ ವಿದ್ಯಾರ್ಥಿಗಾಗಿ 60 ಗಂಟೆಗಳ ಪಾಠ ಸಿದ್ಧಪಡಿಸುವುದು ಎಂ.ಎಸ್ಸಿ. ತರಗತಿಗಳ ಹೊರೆ ಹೊತ್ತ ಅಧ್ಯಾಪಕರಿಗೆ ಸಾಧ್ಯವಾಗುವ ಮಾತಲ್ಲ. ಇಂಥ ಆರೇಳು ವಿಭಾಗಗಳ ವಿದ್ಯಾರ್ಥಿಗಳನ್ನು ಒಟ್ಟುಗೂಡಿಸಿದರೆ ಮಾತ್ರ ಹತ್ತು ಹನ್ನೆರಡು ಜನರ ಒಂದು ತರಗತಿಯಾಗುತ್ತದೆ. ಸಮನ್ವಯದ ತರ್ಕ ಇಷ್ಟು ಸರಳ.

12 ಕ್ರೆಡಿಟ್‌ಗಳ ಒಳಗುಟ್ಟು

ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯವಾದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಗಳಿಂದ. 2022ರ ನವೆಂಬರ್‌ನಲ್ಲಿ ಹೊರಬಂದ ಪರಿಷ್ಕೃತ ನಿಯಮಗಳು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರಬೇಕೆಂದು ಹೇಳುತ್ತವೆ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕುರಿತ ಕೋರ್ಸ್ ಇದರಲ್ಲೇ ಸೇರಬೇಕು. ಅದಕ್ಕೆ 2 ಕ್ರೆಡಿಟ್. ಸಂಶೋಧನಾ ವಿಧಾನ ಎಂಬ ಸಾಮಾನ್ಯ ಪತ್ರಿಕೆಗೆ 4 ಕ್ರೆಡಿಟ್ ನೀಡುವುದು ರೂಢಿ. ಕನಿಷ್ಠ ಮಿತಿಯಲ್ಲೇ ನಿಂತ ವಿಭಾಗದಲ್ಲಿ ಮೂಲ ವಿಷಯದ ಕಲಿಕೆಗೆ ಉಳಿಯುವುದು 6 ಕ್ರೆಡಿಟ್, ಅಂದರೆ ಒಂದೂವರೆ ಕೋರ್ಸ್!

ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಪ್ರಮುಖ ಸಂಶೋಧನಾ ಸಂಸ್ಥೆಗಳಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಸೇರಿದವರು ಆರಂಭದ ಅವಧಿಯನ್ನು ಬಹುಮಟ್ಟಿಗೆ ಪಾಠಗಳಲ್ಲೇ ಕಳೆಯುತ್ತಾರೆ. ಕಾಗದದ ಮೇಲೆ ಇಬ್ಬರದೂ ಪಿಎಚ್.ಡಿ. ಪದವಿಯೇ. ಆದರೆ ಮುಂದೆ ಪೋಸ್ಟ್‌ಡಾಕ್ಟರಲ್ ಹುದ್ದೆಗೋ ಅಧ್ಯಾಪಕ ಹುದ್ದೆಗೋ ಇಬ್ಬರೂ ಒಂದೇ ಸಂದರ್ಶನ ಮಂಡಳಿಯೆದುರು ಕುಳಿತಾಗ ವ್ಯತ್ಯಾಸ ತಾನಾಗಿ ಬಯಲಾಗುತ್ತದೆ. ಪ್ರತಿಭೆಯ ವ್ಯತ್ಯಾಸವೆಂದು ಅದನ್ನು ಭಾವಿಸಲಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಅದು ಕಲಿಕೆಯ ಅವಕಾಶದ ವ್ಯತ್ಯಾಸ.

ನಗರದೊಳಗೆ ಸಾಧ್ಯವಾದದ್ದು

ಸಂಸ್ಥೆಗಳ ನಡುವಿನ ಸಹಕಾರ ಬೆಂಗಳೂರಿಗೆ ಹೊಸದಲ್ಲ. 1972ರಲ್ಲಿ ಇ.ಸಿ.ಜಿ. ಸುದರ್ಶನ್ ಅವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಆರಂಭವಾಯಿತು. 1982ರಲ್ಲಿ ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗವನ್ನು ಕೇಂದ್ರವಾಗಿಟ್ಟುಕೊಂಡು ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮ ರೂಪುಗೊಂಡಿತು. ಇದರ ವಿನ್ಯಾಸ ಗಮನಾರ್ಹ. ವಿದ್ಯಾರ್ಥಿಗಳು ಆರಂಭದಲ್ಲಿ ಒಟ್ಟಾಗಿ ಪಾಠ ಕೇಳುತ್ತಾರೆ. ಪಾಠ ಹೇಳುವವರಲ್ಲಿ ರಾಮನ್ ಸಂಸ್ಥೆ, ಖಭೌತವಿಜ್ಞಾನ ಸಂಸ್ಥೆ ಮೊದಲಾದ ಸಹಭಾಗಿ ಸಂಸ್ಥೆಗಳ ವಿಜ್ಞಾನಿಗಳೂ ಇರುತ್ತಾರೆ. ಅನಂತರ ಸಂಶೋಧನೆಗೆ ಸಹಭಾಗಿ ಸಂಸ್ಥೆಯನ್ನು ಆರಿಸಿಕೊಳ್ಳಬಹುದು. ಪದವಿ ನೀಡುವುದು ವಿಜ್ಞಾನ ಸಂಸ್ಥೆ. ಪದವಿ ನೀಡುವ ಸಂಸ್ಥೆ ಒಂದೇ ಆದದ್ದರಿಂದ ಕ್ರೆಡಿಟ್ ಯಾರದು ಎಂಬ ತಕರಾರು ಹುಟ್ಟಲಿಲ್ಲ.

2010ರಲ್ಲಿ ಆರಂಭವಾದ ಸಾಂಖ್ಯಿಕ ಭೌತಶಾಸ್ತ್ರದ ಬೆಂಗಳೂರು ಶಾಲೆ ರಾಮನ್ ಸಂಸ್ಥೆ ಮತ್ತು ಐಸಿಟಿಎಸ್ ಆಶ್ರಯದಲ್ಲಿ ನಡೆದುಬಂದಿದೆ. ಐಸಿಟಿಎಸ್ ನಡೆಸುವ ಕೋರ್ಸ್‌ಗಳಿಗೆ ನಗರದ ಇತರ ಸಂಸ್ಥೆಗಳ ವಿದ್ಯಾರ್ಥಿಗಳೂ ಬರುತ್ತಾರೆ. ಪದವಿ ಹಂತದಲ್ಲೂ ಇಂಥ ಯತ್ನವಿದೆ. ಜವಾಹರಲಾಲ್ ನೆಹರೂ ತಾರಾಲಯ ನಡೆಸುವ ‘ರೀಪ್’ ಕಾರ್ಯಕ್ರಮದಲ್ಲಿ ನಗರದ ಕಾಲೇಜುಗಳ ವಿದ್ಯಾರ್ಥಿಗಳಿಗೆ ತರಗತಿಯ ವೇಳೆಯ ಹೊರಗೆ ಭೌತಶಾಸ್ತ್ರದ ಪಾಠ ಹೇಳುವ ಪರಿಪಾಠವಿದೆ. ಕಾಲೇಜಿನ ಅಂಕಪಟ್ಟಿಗೆ ಅದರಿಂದ ಏನೂ ಸೇರದಿದ್ದರೂ ವಿದ್ಯಾರ್ಥಿಗಳು ಬಂದಿದ್ದಾರೆ. ಕಲಿಯುವ ಹಸಿವಿಗೆ ಕೊರತೆಯಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಆದರೆ ಈ ಎಲ್ಲ ಸಹಕಾರ ಬಿಎಂಟಿಸಿ ಬಸ್ಸು ತಲುಪುವ ದೂರದೊಳಗಿನದು. ವಿಪರ್ಯಾಸವೆಂದರೆ ಈ ಸಂಸ್ಥೆಗಳ ಆಡಳಿತವೂ ಒಂದೇ ಸೂರಿನಡಿ ಇಲ್ಲ. ವಿಜ್ಞಾನ ಸಂಸ್ಥೆ ಕೇಂದ್ರ ಶಿಕ್ಷಣ ಸಚಿವಾಲಯದ ವ್ಯಾಪ್ತಿಗೆ ಬರುತ್ತದೆ. ರಾಮನ್ ಸಂಸ್ಥೆ, ಖಭೌತವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿದವು. ಐಸಿಟಿಎಸ್ ಪರಮಾಣು ಶಕ್ತಿ ಇಲಾಖೆಯದು. ಪದವಿಯ ಚಿತ್ರ ಇನ್ನೂ ವಿಚಿತ್ರ. ಐಸಿಟಿಎಸ್ ವಿದ್ಯಾರ್ಥಿಯ ಪದವಿ ಬರುವುದು ಮುಂಬಯಿಯ ಟಾಟಾ ಸಂಸ್ಥೆಯಿಂದ. ರಾಮನ್ ಸಂಸ್ಥೆಯ ವಿದ್ಯಾರ್ಥಿಗಳು ದೀರ್ಘಕಾಲ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡಿದ್ದಾರೆ. ಖಭೌತವಿಜ್ಞಾನ ಸಂಸ್ಥೆ ಪುದುಚೇರಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನಲ್ಲಿ ಕುಳಿತು ಮಾಡಿದ ಸಂಶೋಧನೆಗೆ ಎರಡು ಸಾವಿರ ಕಿಲೋಮೀಟರ್ ದೂರದ ವಿಶ್ವವಿದ್ಯಾಲಯ ಪದವಿ ನೀಡಬಲ್ಲದು ಎಂದಾದರೆ, ಅದೇ ಬೆಂಗಳೂರಿನ ಒಂದು ಪಾಠಕ್ಕೆ ಮೈಸೂರು ಅಥವಾ ಧಾರವಾಡದ ವಿಶ್ವವಿದ್ಯಾಲಯ ಕ್ರೆಡಿಟ್ ನೀಡುವುದು ಅಸಾಧ್ಯವೇನಲ್ಲ.

ಬೇಸಿಗೆ ಶಾಲೆಗಳ ಮಿತಿ

ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಸಂಪೂರ್ಣ ಮರೆಯಲಾಗಿದೆ ಎನ್ನುವುದು ಅನ್ಯಾಯವಾದೀತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ 1980ರ ದಶಕದಿಂದಲೂ ನಡೆದುಬಂದ ‘ಸರ್ಕ್’ ಶಾಲೆಗಳು ಸೈದ್ಧಾಂತಿಕ ಉನ್ನತ ಶಕ್ತಿ ಭೌತಶಾಸ್ತ್ರದಲ್ಲಿ ಹಲವು ತಲೆಮಾರುಗಳನ್ನು ತರಬೇತುಗೊಳಿಸಿವೆ. ಪೂರ್ವಸಿದ್ಧತೆಯ ಶಾಲೆಯೊಂದು, ಮುಂದುವರಿದ ಹಂತದ ಶಾಲೆಯೊಂದು ಎಂಬ ಎರಡು ಮೆಟ್ಟಿಲುಗಳ ವ್ಯವಸ್ಥೆ ಅದರದ್ದು. ದೇಶದ ನಾನಾ ಭಾಗಗಳ ವಿದ್ಯಾರ್ಥಿಗಳು ಕೆಲವು ವಾರ ಒಂದೇ ಸೂರಿನಡಿ ಕಲಿಯುತ್ತಾರೆ. ಬ್ರಿಟನ್ನಿನಲ್ಲಿ 1971ರಿಂದ ನಡೆಯುತ್ತಿರುವ ಕಣ ಭೌತಶಾಸ್ತ್ರದ ಬೇಸಿಗೆ ಶಾಲೆ, ಫ್ರಾನ್ಸಿನ ಲೆ ಜೂಶ್‌ನಲ್ಲಿ 1951ರಲ್ಲಿ ಸಿಸಿಲ್ ಡಿವಿಟ್ ಮೊರೆಟ್ ಆರಂಭಿಸಿದ ಶಾಲೆ ಇದೇ ಪರಂಪರೆಗೆ ಸೇರಿದವು.

ಇವು ಅಮೂಲ್ಯ. ಆದರೆ ಕೆಲವು ವಾರಗಳ ಶಾಲೆ ಒಂದು ಸೆಮಿಸ್ಟರ್ ಪಾಠಕ್ಕೆ ಪರ್ಯಾಯವಲ್ಲ. ಸೈದ್ಧಾಂತಿಕ ಭೌತಶಾಸ್ತ್ರ ಕೇಳಿ ಕಲಿಯುವ ವಿದ್ಯೆಯಲ್ಲ, ಲೆಕ್ಕ ಬಿಡಿಸಿ ಕಲಿಯುವ ವಿದ್ಯೆ. ಪ್ರತಿ ವಾರ ನೀಡಿದ ಸಮಸ್ಯೆಗಳನ್ನು ಬಿಡಿಸಿ, ತಪ್ಪಿದ್ದನ್ನು ತಿದ್ದಿಸಿಕೊಂಡು, ಮತ್ತೆ ಬಿಡಿಸುವ ನಾಲ್ಕು ತಿಂಗಳ ಅಭ್ಯಾಸವನ್ನು ಮೂರು ವಾರದಲ್ಲಿ ಅದುಮಲಾಗದು. ತಳಹದಿ ಇರುವವರಿಗೆ ಶಾಲೆ ರೆಕ್ಕೆ ಕೊಡುತ್ತದೆ. ತಳಹದಿ ಇಲ್ಲದವರಿಗೆ ಅಲ್ಲಿನ ಎರಡನೇ ವಾರವೇ ಗೊಂದಲ.

ಪುಣೆಯ ಪಾಠ

ಭಾರತದಲ್ಲೇ ಇದಕ್ಕೊಂದು ಉತ್ತರವಿದೆ. ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ, ಅಯುಕಾ ಎಂದು ಕರೆಯಲಾಗುವ ಖಗೋಳವಿಜ್ಞಾನ ಮತ್ತು ಖಭೌತವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರ. ಇದರ ಸಂಸ್ಥಾಪಕ ನಿರ್ದೇಶಕ ಜಯಂತ ನಾರ್ಳೀಕರ್ 2025ರ ಮೇ ತಿಂಗಳಲ್ಲಿ ನಿಧನರಾದಾಗ ಅವರ ವಿಶ್ವವಿಜ್ಞಾನದ ಕೊಡುಗೆಯನ್ನೂ ಮರಾಠಿ ವಿಜ್ಞಾನ ಕಥೆಗಳನ್ನೂ ದೇಶ ಸ್ಮರಿಸಿತು. ಅವರ ಸಾಂಸ್ಥಿಕ ಸಾಧನೆ ಅಷ್ಟೇ ಮಹತ್ವದ್ದು. ವಿಶ್ವವಿದ್ಯಾಲಯಗಳ ಅಧ್ಯಾಪಕರು ವಿಸಿಟಿಂಗ್ ಅಸೋಸಿಯೇಟ್‌ಗಳಾಗಿ ಪುಣೆಗೆ ಬಂದು, ಕೆಲಕಾಲ ತಂಗಿ, ಗ್ರಂಥಾಲಯ ಮತ್ತು ಗಣಕ ಸೌಲಭ್ಯ ಬಳಸಿ, ಮತ್ತೆ ತಮ್ಮ ಊರಿಗೆ ಮರಳಿ ಅಲ್ಲಿಯೇ ಸಂಶೋಧನೆ ಮುಂದುವರಿಸುವ ವ್ಯವಸ್ಥೆಯನ್ನು ಅಯುಕಾ ಕಟ್ಟಿತು. ಪಕ್ಕದ ರಾಷ್ಟ್ರೀಯ ರೇಡಿಯೊ ಖಭೌತವಿಜ್ಞಾನ ಕೇಂದ್ರದ ಜೊತೆಗೂಡಿ ಸಂಶೋಧನಾ ವಿದ್ಯಾರ್ಥಿಗಳಿಗೆ ಜಂಟಿ ಕೋರ್ಸ್‌ಗಳನ್ನು ನಡೆಸಿತು.

ಇದರ ಮೂಲ ಕಲ್ಪನೆ ಇಟಲಿಯ ಟ್ರಿಯೆಸ್ಟ್‌ನದು. ಲಾಹೋರಿನಲ್ಲಿ ಸಮಾನಾಸಕ್ತರಿಲ್ಲದ ಒಂಟಿತನದಿಂದ ಬೇಸತ್ತು 1954ರಲ್ಲಿ ದೇಶ ಬಿಟ್ಟ ಅಬ್ದುಸ್ ಸಲಾಂ, ಬಡ ದೇಶಗಳ ವಿಜ್ಞಾನಿಗಳು ತಾಯ್ನಾಡು ಬಿಡದೆಯೂ ವಿಜ್ಞಾನದ ಮುಂಚೂಣಿಯಲ್ಲಿ ಇರುವಂತಾಗಲಿ ಎಂದು 1964ರಲ್ಲಿ ಅಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಕೇಂದ್ರ ಸ್ಥಾಪಿಸಿದರು. ಲಾಹೋರ್ ಮತ್ತು ಟ್ರಿಯೆಸ್ಟ್ ನಡುವಿನ ಅಂತರವನ್ನು ಕುರಿತ ಆ ಚಿಂತೆ ಇಂದು ಕಲಬುರಗಿ ಮತ್ತು ಬೆಂಗಳೂರಿನ ನಡುವಿನ ಅಂತರಕ್ಕೂ ಅನ್ವಯಿಸುತ್ತದೆ.

ಖಗೋಳವಿಜ್ಞಾನಕ್ಕೆ ಅಯುಕಾ ಇದ್ದಂತೆ ಇಡೀ ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಯುಜಿಸಿಯ ಅಂತರ ವಿಶ್ವವಿದ್ಯಾಲಯ ಕೇಂದ್ರವಿಲ್ಲ. 2007ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ಸ್ವಂತ ಆವರಣಕ್ಕೆ ಬಂದ ಐಸಿಟಿಎಸ್ ತನ್ನ ಕಾರ್ಯಕ್ರಮಗಳ ಮೂಲಕ ಆ ಜಾಗವನ್ನು ಭಾಗಶಃ ತುಂಬಿದೆ. ಆದರೆ ಅದು ಪರಮಾಣು ಶಕ್ತಿ ಇಲಾಖೆಯ ಸಂಸ್ಥೆ. ವಿಶ್ವವಿದ್ಯಾಲಯಗಳ ಪಠ್ಯಕ್ರಮದ ಮೇಲೆ ಅದಕ್ಕೆ ಹೊಣೆಯೂ ಇಲ್ಲ, ಅಧಿಕಾರವೂ ಇಲ್ಲ.

ಸ್ಕಾಟ್ಲೆಂಡ್ ಕಂಡುಕೊಂಡ ದಾರಿ

ವಿದೇಶಗಳ ಅನುಭವ ಇಲ್ಲಿ ಉಪಯುಕ್ತ. ಸ್ಕಾಟ್ಲೆಂಡಿನ ಭೌತಶಾಸ್ತ್ರ ವಿಭಾಗಗಳು 2004-05ರ ವೇಳೆಗೆ ‘ಸುಪಾ’ ಎಂಬ ಒಕ್ಕೂಟವನ್ನು ರಚಿಸಿಕೊಂಡವು. ಎಡಿನ್‌ಬರೋ, ಗ್ಲಾಸ್ಗೋ, ಸೇಂಟ್ ಆಂಡ್ರೂಸ್, ಸ್ಟ್ರಾತ್‌ಕ್ಲೈಡ್, ಹೆರಿಯಟ್ ವಾಟ್ ಮೊದಲಾದವುಗಳಿಂದ ಆರಂಭವಾದ ಈ ಕೂಟ ಮುಂದೆ ಎಂಟು ವಿಶ್ವವಿದ್ಯಾಲಯಗಳಿಗೆ ಬೆಳೆಯಿತು. ಇದಕ್ಕೆ ಬೆನ್ನೆಲುಬಾದದ್ದು ಅಲ್ಲಿನ ಸರ್ಕಾರಿ ಧನಸಹಾಯ ಮಂಡಳಿಯ ನೆರವು.

ಒಕ್ಕೂಟದ ಅಂಗವಾಗಿ ಒಂದೇ ಸಂಶೋಧನಾ ಶಾಲೆ ತೆರೆಯಲಾಯಿತು. ಸದಸ್ಯ ವಿಭಾಗಗಳಲ್ಲಿ ವಿಡಿಯೊ ತರಗತಿ ಕೊಠಡಿಗಳು ಸಿದ್ಧವಾದವು. ಗ್ಲಾಸ್ಗೋದಲ್ಲಿ ನಡೆದ ಪಾಠ ಸೇಂಟ್ ಆಂಡ್ರೂಸ್‌ನಲ್ಲಿ ಕುಳಿತವನಿಗೂ ಅದೇ ಹೊತ್ತಿಗೆ ತಲುಪಿತು. ಆತ ಅಲ್ಲಿಂದಲೇ ಪ್ರಶ್ನೆ ಕೇಳಬಹುದಾಯಿತು. ಇಷ್ಟನ್ನು ಯಾರಾದರೂ ಮಾಡಬಹುದು. ಸುಪಾದ ನಿಜವಾದ ಸಾಧನೆ ಬೇರೆಯದು. ಯಾವ ವಿಶ್ವವಿದ್ಯಾಲಯದ ಅಧ್ಯಾಪಕ ಪಾಠ ಹೇಳಿದರೂ ಅದು ಎಲ್ಲ ಸದಸ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ತರಬೇತಿಯ ಲೆಕ್ಕಕ್ಕೆ ಸೇರುತ್ತದೆ ಎಂಬ ಒಪ್ಪಂದ ಅದು. ಪದವಿ ಮಾತ್ರ ಆಯಾ ವಿಶ್ವವಿದ್ಯಾಲಯದ್ದೇ. ಶತಮಾನಗಳ ಹಳಮೆಯ ವಿಶ್ವವಿದ್ಯಾಲಯಗಳು ತಮ್ಮ ಸ್ವಾಯತ್ತತೆ ಬಿಟ್ಟುಕೊಡದೆ ಪಾಠವನ್ನು ಮಾತ್ರ ಹಂಚಿಕೊಂಡವು.

ನೆದರ್ಲೆಂಡ್ಸ್‌ನ ದಾರಿ ಸ್ವಲ್ಪ ಭಿನ್ನ. ಅಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆಂದೇ ರಾಷ್ಟ್ರೀಯ ಸಂಶೋಧನಾ ಶಾಲೆಯೊಂದಿದೆ. ಜೊತೆಗೆ ಆಮ್‌ಸ್ಟರ್‌ಡ್ಯಾಮ್, ಲೈಡನ್, ಉಟ್ರೆಕ್ಟ್ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಉನ್ನತ ಕೋರ್ಸ್‌ಗಳಿಗೆ ಮೂರೂ ಕಡೆಯ ವಿದ್ಯಾರ್ಥಿಗಳು ರೈಲು ಹತ್ತಿ ಒಂದೇ ಊರಿನಲ್ಲಿ ಸೇರುತ್ತಾರೆ. ಅಲ್ಲಿ ಒಂದೂರಿಂದ ಇನ್ನೊಂದೂರಿಗೆ ಸುಮಾರು ಒಂದು ಗಂಟೆಯ ಪ್ರಯಾಣ. ಮೈಸೂರು, ತುಮಕೂರುಗಳ ವಿದ್ಯಾರ್ಥಿಗಳಿಗೆ ಇಂಥ ವ್ಯವಸ್ಥೆ ಬೆಂಗಳೂರಿನಲ್ಲಿ ಕಲ್ಪಿಸಬಹುದೇನೋ. ಸುಮಾರು 430 ಕಿಲೋಮೀಟರ್ ದೂರದ ಧಾರವಾಡಕ್ಕೆ, ಅದಕ್ಕೂ ದೂರದ ಕಲಬುರಗಿಗೆ ಸ್ಕಾಟ್ಲೆಂಡಿನ ಮಾದರಿಯೇ ಸೂಕ್ತ.

ತಂತ್ರಜ್ಞಾನದ ನೆಪ ಇನ್ನು ನಡೆಯದು

ಇಂಥ ಚರ್ಚೆ ಬಂದಾಗಲೆಲ್ಲ ಹಿಂದೆ ಕೇಳಿಬರುತ್ತಿದ್ದ ಉತ್ತರ, ‘ಸೌಲಭ್ಯವಿಲ್ಲ’. ಕರ್ನಾಟಕದ ಮಟ್ಟಿಗೆ ಆ ಮಾತು ಎರಡು ದಶಕಗಳ ಹಿಂದೆಯೇ ಸವಕಲಾಗಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. ಆ ಪಾಠಗಳಿಗೆ ಮಾನ್ಯತೆಯ ತೊಡಕು ಎದುರಾಗಲಿಲ್ಲ. ಕಾರಣ ಸ್ಪಷ್ಟ: ಪಾಠ ಕೇಳುತ್ತಿದ್ದ ಎಲ್ಲ ಕಾಲೇಜುಗಳಿಗೂ ವಿಶ್ವವಿದ್ಯಾಲಯ ಒಂದೇ, ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಉಪಗ್ರಹಕ್ಕಿಂತ ಮೊದಲೇ ಆಡಳಿತದ ಸಂಪರ್ಕ ಅಲ್ಲಿ ಏರ್ಪಟ್ಟಿತ್ತು.

2010ರಲ್ಲಿ 5,990 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ ಅನುಮೋದನೆ ನೀಡಿತು. ವಿಶ್ವವಿದ್ಯಾಲಯಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಅತಿವೇಗದ ಸಂಪರ್ಕ ಕಲ್ಪಿಸುವುದು ಅದರ ಉದ್ದೇಶ. 2020ರ ಕೋವಿಡ್ ಅವಧಿಯಲ್ಲಿ ಎಲ್ಲ ತರಗತಿಗಳೂ ಪರದೆಗೆ ಬಂದವು. ಐಸಿಟಿಎಸ್‌ನ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಮುಕ್ತವಾಗಿವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಿಟ್ಟು, ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸಲು 2025ರ ಜನವರಿಯಿಂದ ಜಾರಿಗೆ ಬಂತು. ಅಂದರೆ ಪಾಠವೂ ಉಂಟು, ಪತ್ರಿಕೆಯೂ ಉಂಟು, ತಂತಿಯೂ ಉಂಟು.

ನಿಯಮವೂ ಅಡ್ಡಿಯಲ್ಲ

ಕುತೂಹಲದ ಸಂಗತಿಯೆಂದರೆ ನಿಯಮಗಳೂ ವಿರುದ್ಧವಾಗಿಲ್ಲ. ಕೋರ್ಸ್‌ವರ್ಕ್ ಕಡ್ಡಾಯಗೊಳಿಸಿದ 2009ರ ನಿಯಮಾವಳಿಯೇ ಅದನ್ನು ವಿಶ್ವವಿದ್ಯಾಲಯದ ಹೊರಗಿನ ಸಂಸ್ಥೆಯಲ್ಲಿ ಪೂರೈಸಿ ಕ್ರೆಡಿಟ್ ಪಡೆಯಲು ಅವಕಾಶ ನೀಡಿತ್ತು. 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ತಂದಿತು. ಒಂದು ಕಡೆ ಗಳಿಸಿದ ಕ್ರೆಡಿಟ್ ಇನ್ನೊಂದು ಕಡೆ ಸಲ್ಲಬೇಕೆಂಬುದೇ ಅದರ ಮೂಲತತ್ತ್ವ. 2022ರ ಪಿಎಚ್.ಡಿ. ನಿಯಮಗಳು ಯುಜಿಸಿ ಮಾನ್ಯ ಮಾಡಿದ ಆನ್‌ಲೈನ್ ಕೋರ್ಸ್‌ಗಳನ್ನು ಕೋರ್ಸ್‌ವರ್ಕ್‌ನ ಭಾಗವಾಗಿ ಶಿಫಾರಸು ಮಾಡುವ ಅಧಿಕಾರವನ್ನು ಸಂಶೋಧನಾ ಸಲಹಾ ಸಮಿತಿಗೆ ಕೊಟ್ಟವು.

ಹಾಗಾದರೆ ಎಲ್ಲಿ ನಿಂತಿದೆ? ನಿಯಮ ಅವಕಾಶ ಕೊಡುತ್ತದೆಯೇ ಹೊರತು ಒತ್ತಾಯಿಸುವುದಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ನಡೆಯುತ್ತವೆ. ಹೊಸ ಕೋರ್ಸ್‌ಗೆ ಆಯಾ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಒಪ್ಪಬೇಕು, ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಆರು ವಿಶ್ವವಿದ್ಯಾಲಯಗಳಿಗೆ ಒಂದು ಸಮಾನ ಕೋರ್ಸ್ ಎಂದರೆ ಈ ಸುತ್ತು ಆರು ಬಾರಿ. ಒಂದೆಡೆ ಸೆಮಿಸ್ಟರ್ ಆರಂಭವಾದಾಗ ಇನ್ನೊಂದೆಡೆ ಪರೀಕ್ಷೆ ನಡೆಯುತ್ತಿರುತ್ತದೆ. ಉತ್ತರ ಪತ್ರಿಕೆ ತಿದ್ದುವವರಾರು, ಅಂಕದ ಪ್ರಮಾಣವೇನು ಎಂಬ ಪ್ರಶ್ನೆಗಳು ಸಣ್ಣವಾಗಿ ತೋರಿದರೂ ಕಡತ ನಿಲ್ಲುವುದು ಅಲ್ಲಿಯೇ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹೇಳಿದ ಪಾಠ ಅಧ್ಯಾಪಕರ ಕಾರ್ಯಭಾರದ ಲೆಕ್ಕಕ್ಕೆ ಬರದಿದ್ದರೆ ಅದು ದಾನವಾಗುತ್ತದೆ. ದಾನದ ಮೇಲೆ ಶಾಶ್ವತ ವ್ಯವಸ್ಥೆ ನಿಲ್ಲದು.

ವಿದ್ಯಾರ್ಥಿಯ ಜೇಬಿನ ಲೆಕ್ಕವೂ ಇದೆ. 2023ರಲ್ಲಿ ಕಿರಿಯ ಸಂಶೋಧನಾ ಫೆಲೊಶಿಪ್ ತಿಂಗಳಿಗೆ 37,000 ರೂಪಾಯಿಗೆ ಏರಿತು. ಆದರೆ ಆ ಪರೀಕ್ಷೆಯಲ್ಲಿ ಫೆಲೊಶಿಪ್ ಗಿಟ್ಟಿಸಿಕೊಳ್ಳದೆ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಅದು ಸಿಗದು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅಂಥವರಿಗಿರುವ 8,000 ರೂಪಾಯಿಯ ಯುಜಿಸಿ ನೆರವೂ ರಾಜ್ಯ ವಿಶ್ವವಿದ್ಯಾಲಯಗಳವರಿಗೆ ಅನ್ವಯಿಸದು. ಇಂಥ ವಿದ್ಯಾರ್ಥಿಗೆ ‘ಒಂದು ಸೆಮಿಸ್ಟರ್ ಬೆಂಗಳೂರಿನಲ್ಲಿದ್ದು ಪಾಠ ಕೇಳು’ ಎಂಬ ಸಲಹೆ ಕ್ರೂರವೆನಿಸುತ್ತದೆ. ಪಾಠ ಅವರ ಬಳಿಗೆ ಬರಬೇಕೇ ಹೊರತು ಅವರು ಪಾಠದ ಬಳಿಗೆ ಬರಲಾರರು.

ಆಕ್ಷೇಪಗಳು ನಿರಾಧಾರವಲ್ಲ

ಸಮನ್ವಯದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಅಳುಕು ಇರುವುದು ಸಹಜ. ಬೆಂಗಳೂರಿನ ಸಂಸ್ಥೆಗಳ ವಿಜ್ಞಾನಿಗಳು ಪಾಠ ಹೇಳುವುದು, ಜಿಲ್ಲೆಗಳ ಅಧ್ಯಾಪಕರು ಹಾಜರಿ ಹಾಕುವುದು ಎಂಬ ಸ್ಥಿತಿ ಬಂದರೆ ಅದು ಸಹಕಾರವಲ್ಲ, ಅಧೀನತೆ. ಖಾಲಿ ಹುದ್ದೆಗಳನ್ನು ತುಂಬದೆ ಪರದೆಯ ಪಾಠದಲ್ಲೇ ಕೆಲಸ ಸಾಗಿಸಲು ಸರ್ಕಾರಕ್ಕೆ ಇದು ನೆಪವಾದೀತೆಂಬ ಶಂಕೆಯನ್ನೂ ತಳ್ಳಿಹಾಕುವಂತಿಲ್ಲ. 2022-23ರಲ್ಲಿ ಹುಟ್ಟಿದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಶಿಫಾರಸು ಮಾಡಿದ್ದನ್ನು ಕಂಡವರಿಗೆ ಈ ಶಂಕೆ ಅತಿರೇಕವೆನಿಸದು.

ಒಂಟಿಯಾಗಿ ಕಲಿತವರೂ ಮಹತ್ತನ್ನು ಸಾಧಿಸಿದ್ದಾರೆ ಎಂಬುದು ಇನ್ನೊಂದು ವಾದ. ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಯಾವ ದೊಡ್ಡ ಬಳಗದ ಆಸರೆಯೂ ಇಲ್ಲದೆ 1955ರಲ್ಲಿ ಪ್ರಕಟಿಸಿದ ಸಮೀಕರಣ ಇಂದಿಗೂ ಅವರ ಹೆಸರಿನಲ್ಲಿದೆ. ಮೈಸೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಸಿ.ವಿ. ವಿಶ್ವೇಶ್ವರ ಅಮೆರಿಕಕ್ಕೆ ತೆರಳಿ 1970ರಲ್ಲಿ ಕಪ್ಪುರಂಧ್ರಗಳ ಅನುರಣನವನ್ನು ಗಣಿತದಲ್ಲಿ ಕಂಡರು; ಗುರುತ್ವ ಅಲೆಗಳ ಪತ್ತೆ 2016ರ ಫೆಬ್ರವರಿಯಲ್ಲಿ ಪ್ರಕಟವಾದಾಗ ಅದರ ಮಹತ್ವ ಜಗತ್ತಿಗೆ ಮನದಟ್ಟಾಯಿತು. ಬೆಂಗಳೂರಿಗೆ ಮರಳಿ ತಾರಾಲಯವನ್ನು ಕಟ್ಟಿದವರೂ ಅವರೇ. ಆದರೆ ಅಪರೂಪದ ಪ್ರತಿಭೆಗಳ ಉದಾಹರಣೆಯಿಂದ ಸಾಮಾನ್ಯ ವಿದ್ಯಾರ್ಥಿಗಳ ವ್ಯವಸ್ಥೆಯನ್ನು ರೂಪಿಸಲಾಗದು. ರಾಜ್ಯದ ವಿಶ್ವವಿದ್ಯಾಲಯಗಳಿಂದ ಇಂಥವರು ಬರಬಲ್ಲರು ಎಂಬುದಷ್ಟೇ ವಿಶ್ವೇಶ್ವರರ ಉದಾಹರಣೆ ಹೇಳುವ ಮಾತು. ಅವರಿಗೆ ಕಲಿಯಲು ಕಡಲು ದಾಟಬೇಕಾಯಿತು ಎಂಬುದೂ ಅದರಲ್ಲೇ ಅಡಗಿದೆ.

ಅಧೀನತೆಯ ಆಕ್ಷೇಪಕ್ಕೆ ಸ್ಕಾಟ್ಲೆಂಡಿನಲ್ಲೇ ಉತ್ತರವಿದೆ. ಅಲ್ಲಿ ಒಂದೇ ಕೇಂದ್ರದಿಂದ ಪಾಠ ಹರಿಯಲಿಲ್ಲ. ಸದಸ್ಯ ವಿಶ್ವವಿದ್ಯಾಲಯಗಳೆಲ್ಲ ತಮ್ಮ ಬಲವಿರುವ ವಿಷಯವನ್ನು ಕಲಿಸಿದವು. ಮಂಗಳಗಂಗೋತ್ರಿಯ ಅಧ್ಯಾಪಕರೊಬ್ಬರು ಒಂದು ವಿಷಯದಲ್ಲಿ ಪಳಗಿದ್ದರೆ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಯೂ ಆ ಪಾಠಕ್ಕೆ ಕುಳಿತುಕೊಳ್ಳಬೇಕು. ಜೊತೆಗೆ ಪ್ರತಿ ವಿಶ್ವವಿದ್ಯಾಲಯದಲ್ಲೂ ವಾರಕ್ಕೊಮ್ಮೆ ಸಮಸ್ಯೆ ಬಿಡಿಸುವ ತರಗತಿಯನ್ನು ಸ್ಥಳೀಯ ಅಧ್ಯಾಪಕರೇ ನಡೆಸಬೇಕು. ಪರದೆಯ ಪಾಠ ಕಲಿಕೆಯಾಗುವುದು ಆ ಕೊಠಡಿಯಲ್ಲಿ. ಕನ್ನಡದಲ್ಲಿ ಪ್ರಶ್ನೆ ಕೇಳಲು ಸಂಕೋಚವಿಲ್ಲದ ಜಾಗವೂ ಅದೇ.

ಮುಂದೇನು?

ಅವಕಾಶದ ಬಾಗಿಲುಗಳು ಈಗ ಒಟ್ಟಿಗೆ ತೆರೆದಿವೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ 2024ರಲ್ಲಿ ಪ್ರಕಟಿಸಿದ ‘ಪೇರ್’ ಯೋಜನೆ, ಮುಂದುವರಿದ ಸಂಸ್ಥೆಯೊಂದನ್ನು ನಡುವಿಟ್ಟು ವಿಶ್ವವಿದ್ಯಾಲಯಗಳನ್ನು ಅದಕ್ಕೆ ಜೋಡಿಸುವ ಕಲ್ಪನೆಯದ್ದು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು. ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆಗೆ ಸಿಕ್ಕ ಪ್ರಚಾರದಲ್ಲಿ ಒಂದು ಪಾಲು ಸಂಶೋಧನಾ ಶಿಕ್ಷಣಕ್ಕೂ ಸಿಗಬೇಕಿತ್ತು.

ಆರಂಭ ದೊಡ್ಡದಾಗಿರಬೇಕಿಲ್ಲ. ಕ್ವಾಂಟಂ ಕ್ಷೇತ್ರ ಸಿದ್ಧಾಂತ, ಸಾಮಾನ್ಯ ಸಾಪೇಕ್ಷತೆ, ಮುಂದುವರಿದ ಸಾಂಖ್ಯಿಕ ಭೌತಶಾಸ್ತ್ರ ಎಂಬ ಮೂರು ಕೋರ್ಸ್‌ಗಳು ಸಾಕು. ಇಷ್ಟಪಟ್ಟು ಮುಂದೆ ಬರುವ ನಾಲ್ಕೈದು ವಿಶ್ವವಿದ್ಯಾಲಯಗಳು ಸಾಕು. ಈ ಮೂರಕ್ಕೆ ಒಂದೇ ವೇಳಾಪಟ್ಟಿ, ಒಂದೇ ಪ್ರಶ್ನೆಪತ್ರಿಕೆ, ಪರಸ್ಪರ ಮಾನ್ಯವಾದ ಅಂಕ, ಅಧ್ಯಾಪಕರ ಕಾರ್ಯಭಾರದಲ್ಲಿ ಪೂರ್ಣ ಲೆಕ್ಕ ಎಂಬ ನಾಲ್ಕು ಅಂಶಗಳ ಒಪ್ಪಂದವನ್ನು ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಮುಂದೆ ನಿಂತು ಮಾಡಿಸಬಹುದು. ಹೊಸ ಕಟ್ಟಡವಾಗಲಿ ಹೊಸ ಸಂಸ್ಥೆಯಾಗಲಿ ಇದಕ್ಕೆ ಬೇಕಿಲ್ಲ.

ವಿಜ್ಞಾನದ ರಾಜಧಾನಿ ಎಂಬ ಬಿರುದನ್ನು ಬೆಂಗಳೂರು ಹಲವು ಕಾಲದಿಂದ ಹೊತ್ತುಕೊಂಡಿದೆ. ರಾಜಧಾನಿ ಎಂದ ಮೇಲೆ ಅದಕ್ಕೊಂದು ರಾಜ್ಯವೂ ಇರಬೇಕು. ಕಲಬುರಗಿಯ ವಿದ್ಯಾರ್ಥಿಯೊಬ್ಬ ತನ್ನ ವಿಭಾಗದಲ್ಲೇ ಕುಳಿತು ದೇಶದ ಉತ್ತಮ ಬೋಧಕರಿಂದ ಒಂದು ಕೋರ್ಸ್ ಕಲಿತು, ಅದರ ಪರೀಕ್ಷೆ ಬರೆದು, ಆ ಅಂಕವನ್ನು ತನ್ನದೇ ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ಕಾಣುವ ದಿನ ಬಂದಾಗ ಮಾತ್ರ ಆ ಬಿರುದಿಗೆ ಅರ್ಥ ಬಂದೀತು. ಅಲ್ಲಿಯವರೆಗೆ ಪಾಠ ಆಕಾಶದಲ್ಲಿ ತೇಲುತ್ತಿರುತ್ತದೆ, ಕಡತ ಮೇಜಿನ ಮೇಲೆ ಕುಳಿತಿರುತ್ತದೆ.